ನಮ್ಮ ವಿಡಿಯೊಗಳ ಒಡೆತನ ಯಾರದು?

(ಹೈದರಾಬಾದಿನಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಪಂಪ ರನ್ನರಿಂದ ಮೊದಲುಮಾಡಿ ಏಕೀಕರಣದವರೆಗೆ ಬಂದು ಕೈಮುಗಿಯುವುದು ವಾಡಿಕೆ. ಒಳ್ಳೆಯ ವಾಡಿಕೆಯೇ. ಆದರೆ ನಾವು ಇಂದು ಎತ್ತಿಕೊಂಡಿರುವ ವಿಷಯ ತುಸು ಒಣಕಲಾದುದು. ಕಾಯಿದೆ, ಕರಾರು, ಪರವಾನಗಿ ಎಂಬ ಮಾತುಗಳು ಅಡಿಗಡಿಗೆ ಬರುತ್ತವೆ. ಒಳಗೆ ಬಿಸಿಬೇಳೆ ಬಾತಿನ ಒಗ್ಗರಣೆ ಆಗಲೇ ಕೇಳಿಸುತ್ತಿದೆಯಾದ ಕಾರಣ, ಊಟದ ಹೊತ್ತಿಗೆ ಮುಂಚೆಯೇ ಮುಗಿಸುವೆವೆಂಬ ಭರವಸೆ ಕೊಟ್ಟು ಆರಂಭಿಸುತ್ತೇವೆ.

ಒಂದು ಕಾಲಕ್ಕೆ ಈ ಊರಿಗೆ ಕನ್ನಡ ಬರುತ್ತಿದ್ದುದು ರೈಲಿನಲ್ಲಿ. ಪುಸ್ತಕದ ಕಟ್ಟು, ವಾರಪತ್ರಿಕೆ, ಹರಿಕಥೆಯ ದಾಸರು ಎಲ್ಲವೂ ಎಲ್ಲರೂ ಬಂದಿಳಿಯಬೇಕು. 1956ರ ನವೆಂಬರ್ 1ಕ್ಕೆ ಮೊದಲು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಇದೇ ಹೈದರಾಬಾದು ರಾಜಧಾನಿ. ಗಡಿ ಸರಿದ ಮೇಲೆ, ಇದ್ದಲ್ಲಿಯೇ ಇದ್ದುಕೊಂಡು, ನಾವು ಹೊರನಾಡ ಕನ್ನಡಿಗರಾದೆವು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಆ ಹಳೆಯ ನಂಟಿನ ಕುರುಹುಗಳು. ಇಂದು ನಮ್ಮ ಮಕ್ಕಳಿಗೆ ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ಆಟೋದವರೊಡನೆ ದಖನಿ. ಕನ್ನಡ ಬರುವುದು ಎರಡೇ ದಾರಿಯಿಂದ: ಒಂದು ಅಜ್ಜಿಯ ಬಾಯಿಂದ, ಇನ್ನೊಂದು ಅಂಗೈಯಗಲದ ಫೋನಿನ ಪರದೆಯಿಂದ. ಅಜ್ಜಿಯರು ಊರಲ್ಲೇ ಉಳಿದಿರುವ ಮನೆಗಳಲ್ಲಿ ಎರಡನೆಯದೊಂದೇ ಗತಿ.

ಹೀಗಿರಲು, ನಾವು ವರ್ಷವರ್ಷವೂ ನಡೆಸುವ ಗಮಕ ವಾಚನ, ಮಕ್ಕಳ ನಾಟಕ, ಭಾವಗೀತೆ, ಉಪನ್ಯಾಸಗಳನ್ನು ಯಾರಾದರೊಬ್ಬರು ಫೋನಿನಲ್ಲಿ ಹಿಡಿದು ಅದೇ ದಿನ ರಾತ್ರಿ ಯೂಟ್ಯೂಬಿಗೆ ಏರಿಸಿಬಿಡುತ್ತಾರೆ. ಏರಿಸುವ ಮುನ್ನ ‘ಒಪ್ಪಿದ್ದೇವೆ’ ಎಂಬ ಗುಂಡಿಯನ್ನು ಒತ್ತಿರುತ್ತಾರೆ. ಬ್ಯಾಂಕಿನ ಮೇಜಿನ ಹಿಂದೆ ಕುಳಿತು ನಾವು ದಿನವೂ ಕಾಣುವ ನೋಟ ಇದು: ಜಾಮೀನು ಪತ್ರ ಎಷ್ಟೇ ಪುಟವಿರಲಿ, ಜಾಮೀನುದಾರರು ಕೇಳುವುದು ಒಂದೇ ಪ್ರಶ್ನೆ, ‘ಸಹಿ ಎಲ್ಲಿ ಹಾಕಬೇಕು?’ ಮುಂದೆ ಸಾಲಗಾರ ಕೈಕೊಟ್ಟಾಗ ಮಾತ್ರ ಕನ್ನಡಕ ಹುಡುಕಿ ಓದತೊಡಗುತ್ತಾರೆ. ವಿಡಿಯೊ ತಾಣಗಳ ಕರಾರಿನ ವಿಷಯದಲ್ಲಿ ನಮ್ಮ ಸ್ಥಿತಿಯೂ ಅದೇ. ಆದುದರಿಂದ ಮೊದಲು ಆ ಕರಾರನ್ನು ಓದೋಣ.

ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. ಮರುವರ್ಷವೇ ಗೂಗಲ್ ಕಂಪನಿಯು ಅದನ್ನು 165 ಕೋಟಿ ಡಾಲರಿಗೆ ಕೊಂಡಿತು. ಅದರ ಕರಾರುಪತ್ರ ಸಮಾಧಾನದ ಮಾತೊಂದನ್ನು ಹೇಳುತ್ತದೆ: ಏರಿಸಿದ ವಿಡಿಯೊದ ಒಡೆತನ ನಿಮ್ಮಲ್ಲಿಯೇ ಉಳಿಯುತ್ತದೆ. ಸಂತೋಷ. ಅದರ ಬೆನ್ನಿಗೇ ಬರುವ ಮಾತು ಇದು: ಆ ವಿಡಿಯೊವನ್ನು ಜಗತ್ತಿನಾದ್ಯಂತ ಬಳಸಲು, ಪ್ರತಿ ಮಾಡಲು, ಹಂಚಲು, ಮಾರ್ಪಡಿಸಲು, ತೋರಿಸಲು ನೀವು ಕಂಪನಿಗೆ ಪರವಾನಗಿ ಕೊಡುತ್ತೀರಿ, ಅದಕ್ಕೆ ಕಂಪನಿ ನಿಮಗೆ ಕಾಸು ಕೊಡಬೇಕಾಗಿಲ್ಲ, ಆ ಪರವಾನಗಿಯನ್ನು ಕಂಪನಿ ಮತ್ತೊಬ್ಬರಿಗೆ ವರ್ಗಾಯಿಸಲೂ ಬಹುದು, ತನ್ನ ಕೆಳಗೆ ಒಳಪರವಾನಗಿ ಕೊಡಲೂ ಬಹುದು. ಮನೆ ನಮ್ಮದೇ, ಬೀಗದ ಕೈಯ ಒಂದು ಪ್ರತಿ ಅವರ ಬಳಿ, ಅದರ ಪ್ರತಿ ಮಾಡಿಸಿ ಹಂಚುವ ಹಕ್ಕೂ ಅವರಿಗೆ ಎಂದಂತಾಯಿತು.

ಇದನ್ನು ಕೇಳಿ ಗಾಬರಿಯಾಗಬೇಕಾಗಿಲ್ಲ. ತಾಣದ ಯಂತ್ರಗಳು ಒಂದು ವಿಡಿಯೊವನ್ನು ಹತ್ತಾರು ಅಳತೆಗೆ ಮಾರ್ಪಡಿಸಿ ಊರೂರಿನ ಯಂತ್ರಗಳಲ್ಲಿ ಪ್ರತಿ ಇಟ್ಟುಕೊಳ್ಳದಿದ್ದರೆ ಬೀದರದಲ್ಲಿರುವ ನಮ್ಮ ಮಾವನವರಿಗೆ ಅದು ಕಾಣಿಸುವುದೇ ಇಲ್ಲ. ಅಲ್ಲದೆ ಈ ಪರವಾನಗಿ ಏಕಸ್ವಾಮ್ಯದ್ದಲ್ಲ. ಅದೇ ವಿಡಿಯೊವನ್ನು ನಾವು ಇನ್ನೊಂದು ಕಡೆಯೂ ಇಡಬಹುದು, ಬೇರೆಯವರಿಗೆ ಬೇರೆ ಷರತ್ತಿನ ಮೇಲೆ ಕೊಡಲೂ ಬಹುದು. ಇದನ್ನು ಚೆನ್ನಾಗಿ ನೆನಪಿಡಬೇಕು. ಮುಂದೆ ಹೇಳುವುದೆಲ್ಲ ಇದರ ಮೇಲೆ ನಿಂತಿದೆ.

ಜಾಹೀರಾತಿನ ಮಾತು ಬೇರೆ. 2020ರ ಕೊನೆಯಲ್ಲಿ ಅಮೆರಿಕದಲ್ಲಿಯೂ 2021ರಲ್ಲಿ ಉಳಿದ ದೇಶಗಳಲ್ಲಿಯೂ ಜಾರಿಗೆ ಬಂದ ಕರಾರಿನ ಪ್ರಕಾರ ಯಾವ ವಿಡಿಯೊದ ಮೇಲಾದರೂ ಜಾಹೀರಾತು ಹಾಕುವ ಹಕ್ಕು ಕಂಪನಿಗಿದೆ. ಅದರ ವರಮಾನದಲ್ಲಿ ಪಾಲು ಸಿಗಬೇಕಾದರೆ ನಾವು ಅವರ ಪಾಲುದಾರರ ಪಟ್ಟಿಗೆ ಸೇರಬೇಕು. ಅದಕ್ಕೆ ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಇತ್ಯಾದಿ ಮೆಟ್ಟಿಲುಗಳಿವೆ. ನಮ್ಮಂತಹ ಸಂಘಗಳಿಗೆ ಅದು ಎಟುಕುವುದು ಅಷ್ಟರಲ್ಲೇ ಇದೆ. ಹಾಗಾಗಿ ಎಂಬತ್ತು ವರ್ಷದ ಗಮಕಿಗಳು ದ್ರೌಪದಿಯ ಮೊರೆಯನ್ನು ಹಾಡುತ್ತಿರುವಾಗ ನಡುವೆ ಯಾವುದೋ ಸಾಬೂನಿನ ಜಾಹೀರಾತು ಬಂದು ಕುಣಿದರೆ, ಅದನ್ನು ತಡೆಯುವ ಹಕ್ಕು ನಮಗಿಲ್ಲ. ಅದರ ಹಣವೂ ನಮ್ಮದಲ್ಲ.

ನೋಡುವವರ ಮೇಲೂ ಒಂದು ಕಟ್ಟಿದೆ. ತಾಣವೇ ಒದಗಿಸಿದ ಮಾರ್ಗದಲ್ಲಲ್ಲದೆ, ಅಥವಾ ಕಂಪನಿಯ ಮತ್ತು ಹಕ್ಕುದಾರರ ಲಿಖಿತ ಒಪ್ಪಿಗೆ ಇಲ್ಲದೆ, ವಿಡಿಯೊವನ್ನು ಇಳಿಸಿಕೊಳ್ಳಕೂಡದು, ಹಂಚಕೂಡದು. ನೋಡಿರಿ, ಹೋಗಿರಿ ಎಂಬಷ್ಟೇ ಅಪ್ಪಣೆ. ಎಷ್ಟು ಜನ ಇದನ್ನು ಪಾಲಿಸುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಕರಾರು ಇರುವುದು ಹೀಗೆ.

ಇದಿಷ್ಟು ನಾವು ಕಂಪನಿಗೆ ಕೊಟ್ಟದ್ದು. ಕೊಡುವುದಕ್ಕೆ ಮೊದಲು ಅದು ನಮ್ಮದಾಗಿರಬೇಕಲ್ಲವೇ? ತನ್ನಲ್ಲಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ದಾಟಿಸಲಾರರು. ನೆರೆಮನೆಯವರ ಬಳೆಯನ್ನು ತಂದು ಅಡವಿಟ್ಟು ಸಾಲ ಕೇಳಿದರೆ ಯಾವ ಬ್ಯಾಂಕೂ ಕೊಡುವುದಿಲ್ಲ. ಇಲ್ಲಿಯೇ ವಿಷಯ ನಿಜವಾಗಿ ಕಗ್ಗಂಟಾಗುವುದು. ಒಂದು ಗಮಕ ವಾಚನವನ್ನೇ ತೆಗೆದುಕೊಂಡು ಬಿಡಿಸಿ ನೋಡೋಣ.

ಕಾವ್ಯ ಕುಮಾರವ್ಯಾಸನದು, 15ನೆಯ ಶತಮಾನದ್ದು. ಅದರ ಮೇಲೆ ಯಾರ ಸ್ವಾಮ್ಯವೂ ಇಲ್ಲ. ಹಾಡಿದವರು ಮಾತ್ರ ಇಂದಿನವರು. ನಮ್ಮ ದೇಶದ ಕೃತಿಸ್ವಾಮ್ಯದ ಕಾಯಿದೆ 1957ರದು. 1958ರ ಜನವರಿ 21ರಂದು ಜಾರಿಗೆ ಬಂದಿತು. ಮುಂದೆ ಅದಕ್ಕಾದ ತಿದ್ದುಪಡಿಗಳ ಫಲವಾಗಿ, ಹಾಡುವವರಿಗೆ, ನಟಿಸುವವರಿಗೆ, ನರ್ತಿಸುವವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಉಂಟು. ಹೆಸರು ಹೇಳಿಸಿಕೊಳ್ಳುವ ಹಕ್ಕು, ತಮ್ಮ ಗೌರವಕ್ಕೆ ಕುಂದು ಬರುವಂತೆ ಪ್ರದರ್ಶನವನ್ನು ಕೆಡಿಸಿದರೆ ಆಕ್ಷೇಪಿಸುವ ಹಕ್ಕು ಕೂಡ ಉಂಟು. ಇನ್ನು ವಿಡಿಯೊ ಎಂಬ ವಸ್ತು ಕಾಯಿದೆಯ ಕಣ್ಣಿಗೆ ಒಂದು ಚಲನಚಿತ್ರ. ಅದನ್ನು ತೆಗೆಯಲು ಮುಂದಾಗಿ ಹೊಣೆ ಹೊತ್ತವರು ಅದರ ನಿರ್ಮಾಪಕರು, ಅದರ ಹಕ್ಕು ಅವರದು. ಸಂಘವೇ ಏರ್ಪಾಡು ಮಾಡಿ ತೆಗೆಸಿದರೆ ಸಂಘದ್ದು. ಸಭಿಕರೊಬ್ಬರು ತಮ್ಮಷ್ಟಕ್ಕೆ ತಾವು ಫೋನು ಎತ್ತಿ ಹಿಡಿದಿದ್ದರೆ ಅವರದು. ಹೀಗೆ ಅರ್ಧ ಗಂಟೆಯ ಒಂದು ವಿಡಿಯೊದಲ್ಲಿ ಕವಿ, ಗಮಕಿ, ವ್ಯಾಖ್ಯಾನಕಾರ, ಚಿತ್ರಿಸಿದವರು ನಾಲ್ವರೂ ಕೂತಿದ್ದಾರೆ. ಅವರಲ್ಲಿ ಕುಮಾರವ್ಯಾಸನೊಬ್ಬನೇ ಏನನ್ನೂ ಕೇಳದವನು!

ಕಾವ್ಯದ ಬದಲು ಆಧುನಿಕ ಕವಿತೆಯಾದರೆ ಇನ್ನೊಂದು ಪದರ ಸೇರುತ್ತದೆ. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳ ತನಕ ಕೃತಿಸ್ವಾಮ್ಯ ಅವರ ವಾರಸುದಾರರದು. 1992ರ ತಿದ್ದುಪಡಿಗೆ ಮೊದಲು ಅದು 50 ವರ್ಷವಿತ್ತು. ಪಂಜೆ ಮಂಗೇಶರಾಯರು 1937ರಲ್ಲಿ, ಬಿ.ಎಂ.ಶ್ರೀ. ಅವರು 1946ರಲ್ಲಿ ಕಾಲವಾದರು; ಅವರು ಬದುಕಿದ್ದಾಗ ಅಚ್ಚಾದ ಪದ್ಯಗಳನ್ನು ಮಕ್ಕಳು ಧಾರಾಳವಾಗಿ ಹಾಡಬಹುದು, ಎಲ್ಲಿ ಬೇಕಾದರೂ ಹಾಕಬಹುದು. ಬೇಂದ್ರೆಯವರು ಕಾಲವಾದದ್ದು 1981ರಲ್ಲಿ. ಅವರ ಕವಿತೆಗಳು 2041ರ ಕೊನೆಯವರೆಗೆ ಸ್ವಾಮ್ಯದಲ್ಲಿರುತ್ತವೆ. ಕುವೆಂಪು ಅವರವು 2054ರ ಕೊನೆಯವರೆಗೆ.

ಹಾಗಾದರೆ ನಾವು ಇಷ್ಟು ವರ್ಷ ಬೇಂದ್ರೆಯವರ ಹಾಡು ಹಾಡಿಸಿದ್ದು ಅಪರಾಧವೋ ಎಂದು ಕೇಳಬಹುದು. ಅಲ್ಲ. ಕಾಯಿದೆ ಬರೆದವರು ನಮ್ಮಂತಹವರನ್ನು ಮರೆತಿಲ್ಲ. ಅದರ 52ನೆಯ ಕಲಮಿನಲ್ಲಿ, ಹವ್ಯಾಸಿ ಸಂಘಗಳು ಹಣ ಕೊಡದ ಸಭಿಕರ ಮುಂದೆ ನಾಟಕವನ್ನೋ ಸಂಗೀತವನ್ನೋ ಸಾಹಿತ್ಯಕೃತಿಯನ್ನೋ ಪ್ರಯೋಗಿಸಿದರೆ ಅದು ಉಲ್ಲಂಘನೆಯಲ್ಲವೆಂದು ಸ್ಪಷ್ಟವಾಗಿ ಬರೆದಿದೆ. ಟಿಕೆಟ್ಟು ಮಾರಿದರೆ ಆ ರಿಯಾಯಿತಿ ತಪ್ಪಿತು. ಆದರೆ ನಾವು ಗಮನಿಸತಕ್ಕದ್ದು ಇನ್ನೊಂದಿದೆ. ಆ ರಿಯಾಯಿತಿ ಪ್ರಯೋಗಕ್ಕೆ ಕೊಟ್ಟದ್ದು, ಪ್ರಯೋಗವನ್ನು ಮುದ್ರಿಸಿ ಲೋಕಕ್ಕೆಲ್ಲ ತೋರಿಸುವುದಕ್ಕೆ ಕೊಟ್ಟದ್ದಲ್ಲ. ನಾಟಕ ಸಭಾಂಗಣದೊಳಗೆ ಇರುವವರೆಗೆ ಅದು ನಮ್ಮನ್ನು ಕಾಯುತ್ತದೆ. ವಿಡಿಯೊ ಬಾಗಿಲು ದಾಟಿದೊಡನೆ ಅಲ್ಲಿಯೇ ನಿಂತುಬಿಡುತ್ತದೆ.

ನಾಡಗೀತೆಯ ಉದಾಹರಣೆ ಇನ್ನೂ ಸ್ವಾರಸ್ಯವಾದುದು. ಕವಿತೆ ಕುವೆಂಪು ಅವರದು. 2004ರಲ್ಲಿ ಅದು ನಾಡಗೀತೆಯಾಯಿತು. ಧಾಟಿಯ ಬಗ್ಗೆ ಬಹುಕಾಲ ಚರ್ಚೆ ನಡೆದು, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಮಾತು ಒಬ್ಬರದು, ಧಾಟಿ ಇನ್ನೊಬ್ಬರದು, ಮಾರುಕಟ್ಟೆಯಲ್ಲಿ ಸಿಗುವ ಧ್ವನಿಮುದ್ರಿಕೆ ಮತ್ತೊಬ್ಬರದು. ಸರ್ಕಾರ ಹಾಡಿರೆಂದು ಹೇಳಿದ ಮಾತ್ರಕ್ಕೆ ಕಂಪನಿಯ ಧ್ವನಿಮುದ್ರಿಕೆ ಎಲ್ಲರ ಸ್ವತ್ತಾಗುವುದಿಲ್ಲ. ಧ್ವನಿಮುದ್ರಿಕೆ ಹಾಕಿ ತುಟಿ ಆಡಿಸುವುದನ್ನು ಬಿಟ್ಟು ಮಕ್ಕಳ ಕೈಯಲ್ಲೇ ಹಾಡಿಸುವುದು ಕಾಯಿದೆಗೂ ಲೇಸು, ಮಕ್ಕಳಿಗೂ ಲೇಸು.

ಯೂಟ್ಯೂಬಿನಲ್ಲಿ 2007ರಿಂದ ಒಂದು ಯಂತ್ರದ ಕಾವಲು ಇದೆ. ಕಂಪನಿಗಳು ತಮ್ಮ ಹಾಡು, ಚಿತ್ರಗಳ ಮಾದರಿಯನ್ನು ಅದಕ್ಕೆ ಕೊಟ್ಟಿರುತ್ತವೆ. ಏರಿಸಿದ ಪ್ರತಿಯೊಂದು ವಿಡಿಯೊವನ್ನೂ ಅದು ತಾಳೆ ನೋಡುತ್ತದೆ. ಹೊಂದಿಕೆಯಾದರೆ ಹಕ್ಕುದಾರರು ಆ ವಿಡಿಯೊವನ್ನು ಮುಚ್ಚಿಸಬಹುದು, ಇಲ್ಲವೇ ಅದರ ಮೇಲಿನ ಜಾಹೀರಾತಿನ ಹಣವನ್ನು ತಾವು ತೆಗೆದುಕೊಳ್ಳಬಹುದು. ಯಂತ್ರಕ್ಕೆ ಕಿವಿಯುಂಟು, ವಿವೇಕವಿಲ್ಲ. ಪುರಂದರದಾಸರ ದೇವರನಾಮಕ್ಕೆ ಒಡೆಯರಿಲ್ಲ. ಆದರೆ ನಮ್ಮ ಹುಡುಗಿ ಹಾಡಿದ್ದು ಯಾವುದೋ ಕ್ಯಾಸೆಟ್ಟಿನ ಹಿಮ್ಮೇಳವನ್ನು ಹೋಲಿದರೆ ತಗಾದೆ ಬರಬಹುದು. ಅದಕ್ಕೆ ತಕರಾರು ಸಲ್ಲಿಸಬಹುದು. ಎದುರು ಪಕ್ಷಕ್ಕೆ ಉತ್ತರಿಸಲು 30 ದಿನಗಳ ಗಡುವಿದೆ. ನ್ಯಾಯ ನಮ್ಮ ಕಡೆ ಇದ್ದಾಗ ಹೆದರಿ ವಿಡಿಯೊ ತೆಗೆದುಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಇದಕ್ಕಿಂತ ಗಡುಸಾದದ್ದು ಹಕ್ಕುದಾರರು ಕೊಡುವ ವಿಧಿವತ್ತಾದ ದೂರು. 90 ದಿನಗಳೊಳಗೆ ಅಂತಹ ಮೂರು ಪೆಟ್ಟು ಬಿದ್ದರೆ ಖಾತೆಯನ್ನೇ ಮುಚ್ಚಬಹುದು, ಅದರೊಡನೆ ಹತ್ತು ವರ್ಷಗಳ ಕಾರ್ಯಕ್ರಮಗಳೂ ಮುಳುಗಬಹುದು.

ಈಗ ಇನ್ನೊಂದು ದಡಕ್ಕೆ ಬರೋಣ. ಹಕ್ಕು ನಮ್ಮದಾಗಿರುವ ವಿಡಿಯೊವನ್ನು, ಕಲ್ಬುರ್ಗಿಯ ಒಬ್ಬ ಶಿಕ್ಷಕಿ ತಮ್ಮ ಪಾಠಕ್ಕೆ ಸೇರಿಸಿಕೊಳ್ಳಬೇಕೆಂದಿದ್ದಾರೆ ಎನ್ನೋಣ. ನಮ್ಮ ಹಳೆಯ ಪುಸ್ತಕಗಳ ಒಳಪುಟದಲ್ಲಿ ‘ಸರ್ವಹಕ್ಕುಗಳನ್ನೂ ಕಾದಿರಿಸಿದೆ’ ಎಂಬ ಸಾಲು ಇರುತ್ತಿತ್ತು. ಆ ಸಾಲು ಬರೆಯದಿದ್ದರೂ ಕಾಯಿದೆ ಹೇಳುವುದು ಅದನ್ನೇ. ಆಕೆ ನಮ್ಮ ವಿಳಾಸ ಹುಡುಕಿ ಪತ್ರ ಬರೆದು ಒಪ್ಪಿಗೆ ಪಡೆಯಬೇಕು. ಕಾರ್ಯದರ್ಶಿಗಳು ಬದಲಾಗಿದ್ದರೆ ಪತ್ರಕ್ಕೆ ಉತ್ತರವೇ ಇಲ್ಲ. ‘ಬಳಸಿಕೊಳ್ಳಿ, ತಾಯಿ’ ಎಂದು ಬಾಯಲ್ಲಿ ಹೇಳಿದರೆ ಸಾಲದು. ಪರವಾನಗಿ ಲಿಖಿತವಾಗಿರಬೇಕೆಂದು ನಮ್ಮ ಕಾಯಿದೆ ವಿಧಿಸುತ್ತದೆ. ಬರೆದುಕೊಟ್ಟಾಗಲೂ, ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ನಮೂದಿಸದಿದ್ದರೆ ಭಾರತ ಮಾತ್ರವೆಂದೂ ಅರ್ಥ ಮಾಡಲಾಗುತ್ತದೆ.

ಈ ತೊಡಕನ್ನು ಬಿಡಿಸಲು ಅಮೆರಿಕದ ಕಾನೂನು ಪ್ರಾಧ್ಯಾಪಕರಾದ ಲಾರೆನ್ಸ್ ಲೆಸ್ಸಿಗ್ ಮತ್ತು ಸಂಗಡಿಗರು 2001ರಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. 2002ರ ಡಿಸೆಂಬರಿನಲ್ಲಿ ಅದರ ಮೊದಲ ಪರವಾನಗಿಗಳು ಹೊರಬಂದವು. 2013ರಲ್ಲಿ ನಾಲ್ಕನೆಯ ಆವೃತ್ತಿ. ಕೃತಿಯ ಒಡೆಯರು ಅದರ ಮೇಲೆ ಒಂದು ಸಾಲು ಬರೆದರಾಯಿತು, ಜಗತ್ತಿನ ಯಾರಾದರೂ ಆ ಷರತ್ತಿಗೆ ಒಳಪಟ್ಟು ಕೇಳದೆಯೇ ಬಳಸಬಹುದು. ಚೆಕ್ಕನ್ನು ಕ್ರಾಸ್ ಮಾಡುವುದನ್ನು ನೀವೆಲ್ಲ ಬಲ್ಲಿರಿ. ಎರಡು ಗೀಟು, ನಡುವೆ ಒಂದೆರಡು ಮಾತು. ಅದನ್ನು ಕಂಡ ಯಾವ ಊರಿನ ಯಾವ ಬ್ಯಾಂಕಿನ ಗುಮಾಸ್ತನೂ ಬರೆದವರನ್ನು ಕೇಳದೆ ಅದರಂತೆ ನಡೆಯುತ್ತಾನೆ. ಇದೂ ಹಾಗೆಯೇ. ‘ಹೆಸರು ಹೇಳಿರಿ’ ಎಂಬುದು ಆರೂ ಬಗೆಗಳಿಗೆ ಸಾಮಾನ್ಯವಾದ ಷರತ್ತು. ಅದರ ಮೇಲೆ ಬೇಕಾದರೆ ‘ಮಾರ್ಪಡಿಸಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಿರಿ’ ಎಂದೋ, ‘ವ್ಯಾಪಾರಕ್ಕೆ ಬಳಸಬೇಡಿರಿ’ ಎಂದೋ, ‘ಮಾರ್ಪಡಿಸಬೇಡಿರಿ’ ಎಂದೋ ಸೇರಿಸಬಹುದು. ಅವಧಿ ಕೃತಿಸ್ವಾಮ್ಯ ಇರುವಷ್ಟು ಕಾಲ, ಪ್ರದೇಶ ಇಡೀ ಜಗತ್ತು ಎಂದು ಪಾಠದಲ್ಲೇ ಬರೆದಿರುವುದರಿಂದ ನಮ್ಮ ಕಾಯಿದೆಯ ಐದು ವರ್ಷದ ತೊಡಕೂ ತಪ್ಪಿತು.

ಇದು ಪರದೇಶದ ಮಾತು, ನಮಗೇಕೆ ಎನ್ನುವಂತಿಲ್ಲ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಈ ಬಗೆಯ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಪಂಡಿತರು ದಶಕಗಳ ಕಾಲ ಬೆವರು ಸುರಿಸಿ ಬರೆದ ಲೇಖನಗಳು ಅದರಿಂದಾಗಿ ಕನ್ನಡ ವಿಕಿಪೀಡಿಯಕ್ಕೂ ವಿಕಿಸೋರ್ಸಿಗೂ ಹರಿದು ಬಂದವು. ಅದೇ ವರ್ಷ ನಿರಂಜನರ 55 ಪುಸ್ತಕಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಅವರು ಇದೇ ರೀತಿ ಬಿಟ್ಟುಕೊಟ್ಟರು. ನಿರಂಜನರು ತೀರಿಕೊಂಡದ್ದು 1992ರಲ್ಲಿ. ಕಾಯಿದೆಯ ಲೆಕ್ಕದಲ್ಲಿ ಕುಟುಂಬಕ್ಕೆ 2052ರ ಕೊನೆಯವರೆಗೆ ಹಕ್ಕಿತ್ತು. ಕಯ್ಯೂರಿನ ರೈತರ ಕಥೆಯಾದ ‘ಚಿರಸ್ಮರಣೆ’ಯಂತಹ ಕಾದಂಬರಿ ಬರೆದವರ ಪುಸ್ತಕಗಳು ಯಾವ ಊರಿನ ಕನ್ನಡಿಗನಿಗಾದರೂ ಸಿಗಲಿ ಎಂದು, 38 ವರ್ಷ ಮೊದಲೇ ಗಂಟು ಬಿಚ್ಚಿದರು. ಇಂತಹ ಔದಾರ್ಯವನ್ನು ನಾವು ಸಾಕಷ್ಟು ಕೊಂಡಾಡಿಲ್ಲ.

ನಮ್ಮ ಊರಿನದೇ ಒಂದು ಸಂಗತಿ ಹೇಳಬೇಕು. ಲಕ್ಷಾಂತರ ಪುಸ್ತಕಗಳನ್ನು ಪುಟಪುಟವಾಗಿ ಚಿತ್ರ ತೆಗೆದು ಗಣಕಕ್ಕೆ ಸೇರಿಸುವ ದೊಡ್ಡ ಯೋಜನೆಯೊಂದು ಈ ಶತಮಾನದ ಮೊದಲ ವರ್ಷಗಳಲ್ಲಿ ನಡೆಯಿತು. ಆಗ ನಮ್ಮ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದ ಕನ್ನಡ ಪುಸ್ತಕಗಳೂ ಅದರೊಳಗೆ ಬಂದವು. ಇಂದು ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಹಳೆಯ ಕನ್ನಡ ಪುಸ್ತಕ ತೆರೆದರೆ ಎಷ್ಟೋ ಬಾರಿ ಮೊದಲಿಗೆ ಕಾಣುವುದು ಉಸ್ಮಾನಿಯಾದ ಚೀಟಿ. ಕೆಲವದರ ಮುಂದೆ ‘ಪುಸ್ತಕ ನೆನೆದುಹೋಗಿತ್ತು’ ಎಂದು ಇಂಗ್ಲಿಷಿನಲ್ಲಿ ಬರೆದ ಹಾಳೆಯೂ ಇರುತ್ತದೆ. ಧಾರವಾಡದಲ್ಲಿ ಅಚ್ಚಾದ ಪುಸ್ತಕವನ್ನು ಧಾರವಾಡದವರೇ ಹೈದರಾಬಾದಿನ ಪ್ರತಿಯಲ್ಲಿ ಓದುವ ಕಾಲ ಬಂದಿತು. ನೆನೆದ ಪುಸ್ತಕವಾದರೇನು, ಉಳಿಯಿತಲ್ಲ! ಆ ಯೋಜನೆಯ ಭಾರತ ಡಿಜಿಟಲ್ ಗ್ರಂಥಾಲಯವೆಂಬ ಮೂಲತಾಣ ಮುಂದೆ ಮುಚ್ಚಿಹೋಯಿತು. ಆರ್ಕೈವಿನಲ್ಲಿ ಪ್ರತಿ ಇದ್ದುದರಿಂದ ಪುಸ್ತಕಗಳು ಬದುಕಿಕೊಂಡವು. ಅಂದಮಾತ್ರಕ್ಕೆ ಅಲ್ಲಿ ಕಾಣುವುದೆಲ್ಲ ಸ್ವಾಮ್ಯ ಮುಗಿದವು ಎಂದು ತಿಳಿಯಬಾರದು. ಕಾಣಸಿಗುವುದು ಬೇರೆ, ಬಳಸಲೆಂದು ಬಿಟ್ಟದ್ದು ಬೇರೆ.

ಯೂಟ್ಯೂಬ್ ಕೂಡ 2011ರಲ್ಲಿ ಕ್ರಿಯೇಟಿವ್ ಕಾಮನ್ಸಿಗೆ ಒಂದು ಕಿಂಡಿ ತೆರೆಯಿತು. ವಿಡಿಯೊ ಏರಿಸುವಾಗ ‘ಪರವಾನಗಿ’ ಎಂಬಲ್ಲಿ ಎರಡು ಆಯ್ಕೆಗಳು: ಒಂದು ತಾಣದ ರೂಢಿಯ ಪರವಾನಗಿ, ಇನ್ನೊಂದು ‘ಹೆಸರು ಹೇಳಿರಿ’ ಎಂಬಷ್ಟೇ ಷರತ್ತಿನದು. ಉಳಿದ ಐದಕ್ಕೆ ಅಲ್ಲಿ ಜಾಗವಿಲ್ಲ. ಇದರಿಂದ ಆಗುವ ಪೇಚನ್ನು ನೋಡಿರಿ. ನಮ್ಮ ಮಗುವೊಂದು ವಿಶ್ವಕೋಶದ ಲೇಖನವನ್ನು ಆಧರಿಸಿ ಹಲ್ಮಿಡಿ ಶಾಸನದ ಬಗ್ಗೆ ಐದು ನಿಮಿಷ ಮಾತಾಡಿ, ವಿಕಿಪೀಡಿಯದ ಚಿತ್ರ ಸೇರಿಸಿ ವಿಡಿಯೊ ಮಾಡಿತು. ಲೇಖನ ಬಂದದ್ದು ‘ಇದೇ ಷರತ್ತಿನಲ್ಲಿ ಹಂಚಿರಿ’ ಎಂಬ ಕಟ್ಟಿನೊಡನೆ. ಹಾಗಾಗಿ ವಿಡಿಯೊಗೂ ಅದೇ ಕಟ್ಟು ಇರಬೇಕು. ಎರಡನೆಯ ಆಯ್ಕೆಯನ್ನು ಒತ್ತಿದರೆ ಆ ಕಟ್ಟನ್ನು ಬಿಚ್ಚಿಹಾಕಿದಂತಾಯಿತು. ಆ ಹಕ್ಕು ನಮಗಿಲ್ಲ. ಮೊದಲನೆಯದನ್ನು ಒತ್ತಿದರೆ ಬಿಟ್ಟದ್ದನ್ನು ಮತ್ತೆ ಬಿಗಿದಂತಾಯಿತು. ಬಲ್ಲವರು ಅನುಸರಿಸುವ ದಾರಿಯೆಂದರೆ ಮೊದಲನೆಯದನ್ನೇ ಇಟ್ಟು, ವಿಡಿಯೊದ ಕೆಳಗಿನ ವಿವರಣೆಯಲ್ಲಿ ಮೂಲದ ಹೆಸರು, ಪರವಾನಗಿಯ ಹೆಸರು, ಕೊಂಡಿಗಳನ್ನು ಬರೆಯುವುದು. ಕಂಪನಿ ನಮ್ಮಿಂದ ಕೇಳುವ ಪರವಾನಗಿ ನಮಗೆ ಸಿಕ್ಕಿರುವುದಕ್ಕಿಂತ ಅಗಲವಾಗಿದೆ ಎಂಬ ಸಂದೇಹ ಆಗಲೂ ಉಳಿಯುತ್ತದೆ. ನೆರೆಮನೆಯ ಬಳೆಯ ಮಾತು ನೆನಪಾಗಲಿ. ಅದಕ್ಕಾಗಿಯೇ ‘ವ್ಯಾಪಾರಕ್ಕೆ ಬೇಡ’ ಎಂದಿರುವ ಬೇರೆಯವರ ಕೃತಿಯನ್ನು ಜಾಹೀರಾತು ಬೀಳುವ ತಾಣಕ್ಕೆ ಒಯ್ಯುವ ಮೊದಲು ಒಡೆಯರಿಗೆ ಒಂದು ಪತ್ರ ಬರೆಯುವುದು ಮೇಲು.

ಎರಡನೆಯ ಪೇಚು ಇದಕ್ಕಿಂತ ವಿಚಿತ್ರ. ನಾವು ‘ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಿ’ ಎಂದು ಬಿಟ್ಟುಕೊಟ್ಟೆವು. ತಾಣದ ಕರಾರು ‘ನಮ್ಮ ಒಪ್ಪಿಗೆಯಿಲ್ಲದೆ ಇಳಿಸಿಕೊಳ್ಳಕೂಡದು’ ಎನ್ನುತ್ತದೆ. ಬಾವಿ ತೋಡಿಸಿ, ಕಟ್ಟೆ ಕಟ್ಟಿಸಿ, ಹಗ್ಗವನ್ನು ಮಾತ್ರ ಪಕ್ಕದ ಮನೆಯವರ ಕೈಗೆ ಕೊಟ್ಟಂತೆ. ಪರಿಹಾರ ನಾವು ಆಗಲೇ ನೆನಪಿಡಿರೆಂದ ಮಾತಿನಲ್ಲಿದೆ. ಕಂಪನಿಗೆ ಕೊಟ್ಟದ್ದು ಏಕಸ್ವಾಮ್ಯವಲ್ಲ. ಅದೇ ವಿಡಿಯೊದ ಪ್ರತಿಯನ್ನು ಇಂಟರ್ನೆಟ್ ಆರ್ಕೈವಿನಲ್ಲೋ ವಿಕಿಮೀಡಿಯ ಕಾಮನ್ಸಿನಲ್ಲೋ ಇಡೋಣ. ಅಲ್ಲಿ ಜಾಹೀರಾತಿಲ್ಲ, ಇಳಿಸಿಕೊಳ್ಳಲು ಅಡ್ಡಿಯಿಲ್ಲ. ನಾಲ್ಕು ಜನ ನೋಡುವುದು ಯೂಟ್ಯೂಬಿನಲ್ಲಿ. ಅಲ್ಲಿಯೂ ಇರಲಿ, ಅದರ ಕೆಳಗೆ ಈ ವಿಳಾಸವನ್ನು ಬರೆಯೋಣ.

‘ಯಾರೋ ನಮ್ಮ ವಿಡಿಯೊದಿಂದ ಹಣ ಮಾಡಿಕೊಂಡರೆ?’ ಎಂಬ ಪ್ರಶ್ನೆ ಎದುರು ಸಾಲಿನಿಂದ ಬರುವುದು ನಮಗೆ ಕಾಣುತ್ತಿದೆ. ಆ ಕಾರಣಕ್ಕೆ ‘ವ್ಯಾಪಾರಕ್ಕೆ ಬೇಡ’ ಎಂಬ ಸಾಲು ಹಾಕೋಣವೆಂದು ಬಹಳ ಜನ ಹೇಳುತ್ತಾರೆ. ನಮ್ಮ ಮತ ಬೇರೆ. ಆ ಸಾಲು ಇದ್ದರೆ ವಿಕಿಮೀಡಿಯ ಕಾಮನ್ಸ್ ಅದನ್ನು ಸ್ವೀಕರಿಸುವುದಿಲ್ಲ, ಹಾಗಾಗಿ ಕನ್ನಡ ವಿಕಿಪೀಡಿಯದ ಪುಟಕ್ಕೂ ಅದು ಹೋಗದು. ಶುಲ್ಕ ಪಡೆಯುವ ಸಣ್ಣ ಕನ್ನಡ ತರಗತಿಯವರು ಬಳಸಬಹುದೋ ಬಾರದೋ ಎಂದು ಹಿಂಜರಿದು ಬಿಟ್ಟುಬಿಡುತ್ತಾರೆ. ಇತ್ತ ಯಾವ ಪರವಾನಗಿಯನ್ನೂ ಲೆಕ್ಕಿಸದೆ ಕದಿಯುವವರು ಕದಿಯುತ್ತಲೇ ಇರುತ್ತಾರೆ. ತಡೆ ಬೀಳುವುದು ಮರ್ಯಾದಸ್ಥರಿಗೆ ಮಾತ್ರ. ಅದರ ಬದಲು ‘ಹೆಸರು ಹೇಳಿರಿ, ಇದೇ ಷರತ್ತಿನಲ್ಲಿ ಹಂಚಿರಿ’ ಎಂಬುದೇ ನಮಗೆ ಒಪ್ಪುವಂಥದು. ನಮ್ಮದನ್ನು ಪಡೆದು ಬೆಳೆಸಿದವರು ಬೆಳೆದದ್ದನ್ನು ಊರಿಗೆ ಬಿಡಲಿ. ಹಣದ ಆಸೆಯಿಂದ ನಾವು ಈ ಕೆಲಸಕ್ಕೆ ಇಳಿದವರಲ್ಲ. ಸಂಘದ ಖಜಾಂಚಿಗಳ ಮುಖ ನೋಡಿದರೆ ಅದು ತಿಳಿಯುತ್ತದೆ.

ಆದರೆ ಎಚ್ಚರಿಕೆಯ ಮಾತು ಎರಡಿವೆ, ಅವನ್ನು ಹಗುರವಾಗಿ ನುಂಗಬಾರದು. ಈ ಪರವಾನಗಿಯನ್ನು ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯುವಂತಿಲ್ಲ. ನಾವು ಹಂಚುವುದನ್ನು ನಿಲ್ಲಿಸಬಹುದು, ಆಗಲೇ ಪಡೆದವರ ಹಕ್ಕು ಹೋಗುವುದಿಲ್ಲ. ಸಂಘದ ಕಾರ್ಯಕಾರಿ ಮಂಡಳಿ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ಮಂಡಳಿಯ ಮನಸ್ಸು ಅದಕ್ಕಿಂತ ಬೇಗ ಬದಲಾಗುತ್ತದೆ. ಕೊಟ್ಟ ಪರವಾನಗಿ ಬದಲಾಗದು. ಇನ್ನೊಂದು, ಕೃತಿಸ್ವಾಮ್ಯದ ಪರವಾನಗಿ ಕೃತಿಗೆ ಸಂಬಂಧಿಸಿದ್ದು, ಮುಖಕ್ಕೆ ಸಂಬಂಧಿಸಿದ್ದಲ್ಲ. ಆರು ವರ್ಷದ ಮಗು ವೇದಿಕೆಯ ಮೇಲೆ ಅಳುತ್ತಾ ಓಡಿಹೋದದ್ದು ನಮಗೆ ಮುದ್ದು. ಅದೇ ದೃಶ್ಯವನ್ನು ಯಾರೋ ಕತ್ತರಿಸಿ ನಗೆಪಾಟಲಿಗೆ ಬಳಸಿದರೆ, ಹದಿನಾರು ವರ್ಷದಲ್ಲಿ ಆ ಹುಡುಗಿಗೆ ಅದು ಮುದ್ದಾಗಿ ಕಾಣುವುದಿಲ್ಲ. ಮಕ್ಕಳ ಮುಖ ಹತ್ತಿರದಿಂದ ಕಾಣುವ ವಿಡಿಯೊಗಳನ್ನು ನಾವು ಬಿಡುಪರವಾನಗಿಯಲ್ಲಿ ಹಾಕಲೇಬಾರದು. ತಂದೆತಾಯಿಗಳಿಗೆ ಒಂದು ಪ್ರತಿ ಕೊಟ್ಟರೆ ಸಾಕು.

ಹಿರಿಯ ಗಮಕಿಗಳೊಬ್ಬರು, ‘ಹಾಡುತ್ತೇನಪ್ಪ, ಆದರೆ ಅದು ಎಲ್ಲೆಲ್ಲೋ ಸುತ್ತುವುದು ಬೇಡ, ಇಲ್ಲಿ ಕೂತವರು ಕೇಳಲಿ’ ಎಂದರೆ ಏನು ಮಾಡಬೇಕು? ಹಾಡಿಸಬೇಕು, ಕೇಳಬೇಕು, ಯಂತ್ರವನ್ನು ಮುಚ್ಚಿಡಬೇಕು. ಎಲ್ಲವೂ ದಾಖಲಾಗಲಿ ಎಂಬ ನಮ್ಮ ಹಟಕ್ಕಿಂತ ಅವರ ಮಾತು ದೊಡ್ಡದು. ಕಾಯಿದೆ ಹಾಗೆ ಹೇಳುತ್ತದೆ. ಹೇಳದಿದ್ದರೂ ನಾವು ಹಾಗೆಯೇ ಮಾಡಬೇಕಾಗಿತ್ತು.

ಇದನ್ನೆಲ್ಲ ಮನಸ್ಸಿನಲ್ಲಿಟ್ಟು ನಾವು ಒಂದು ಹಾಳೆಯನ್ನು ಸಿದ್ಧಪಡಿಸಿದ್ದೇವೆ. ಬಾಗಿಲ ಬಳಿಯ ಮೇಜಿನ ಮೇಲೆ ಪ್ರತಿಗಳಿವೆ. ಹಾಡುವವರು, ಮಾತಾಡುವವರು, ನಟಿಸುವವರು ಕಾರ್ಯಕ್ರಮಕ್ಕೆ ಮೊದಲೇ ಅದನ್ನು ಓದಿ ಸಹಿ ಹಾಕಬೇಕು. ಅದರಲ್ಲಿ ಮೂರು ಚೌಕಗಳಿವೆ: ಮುದ್ರಿಸುವುದೇ ಬೇಡ, ಮುದ್ರಿಸಿ ಸಂಘದಲ್ಲಿ ಮಾತ್ರ ಇಡಿ, ಹೆಸರು ಹೇಳಿ ಅದೇ ಷರತ್ತಿನಲ್ಲಿ ಹಂಚುವ ಪರವಾನಗಿಯಲ್ಲಿ ಲೋಕಕ್ಕೆ ಬಿಡಿ. ಮಕ್ಕಳ ಪರವಾಗಿ ತಂದೆತಾಯಿಗಳು ಸಹಿ ಹಾಕುವುದಾದರೂ ಮೂರನೆಯ ಚೌಕ ಮಕ್ಕಳ ಹಾಳೆಯಲ್ಲಿ ಇರುವುದಿಲ್ಲ. ಹಾಡಿನ ಕವಿ ಯಾರು, ಧಾಟಿ ಯಾರದು, ಹಿಮ್ಮೇಳ ಯಾರದು ಎಂಬುದಕ್ಕೂ ಜಾಗವಿದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಿರಿ. ಊಹಿಸಿ ಬರೆದದ್ದು ಆಮೇಲೆ ಶಾಸನವಾಗಿಬಿಡುತ್ತದೆ. ವಿಡಿಯೊ ತಾಣದ ಖಾತೆ ಒಬ್ಬರ ಸ್ವಂತ ಹೆಸರಿನಲ್ಲಿರದೆ ಸಂಘದ ಹೆಸರಿನಲ್ಲಿರಬೇಕು, ಪಾಸ್‌ವರ್ಡು ಲಕೋಟೆಯಲ್ಲಿ ಮೊಹರಾಗಿ ಅಧ್ಯಕ್ಷರ ಬಳಿ ಇರಬೇಕು. ಉದ್ಯೋಗದ ವರ್ಗಾವಣೆಯಲ್ಲಿ ಜನ ಪುಣೆಗೋ ಚೆನ್ನೈಗೋ ಹೊರಟುಹೋಗುತ್ತಾರೆ. ಸಂಘದ ಹತ್ತು ವರ್ಷಗಳ ದನಿ ಅವರ ಫೋನಿನೊಡನೆ ಹೋಗಬಾರದು.

ಉಳಿದದ್ದು ಹಳೆಯ ಕ್ಯಾಸೆಟ್ಟುಗಳ ವಿಷಯ. ಹಲವರ ಮನೆಯ ಅಟ್ಟದ ಮೇಲೆ ಸಂಘದ ಹಿಂದಿನ ಕಾರ್ಯಕ್ರಮಗಳ ಟೇಪುಗಳಿವೆಯೆಂದು ಕೇಳಿದ್ದೇವೆ. ಹಾಡಿದವರಲ್ಲಿ ಅನೇಕರು ಇಂದಿಲ್ಲ. ಅವರ ಹಕ್ಕು ಪ್ರದರ್ಶನ ನಡೆದ ಮರುವರ್ಷದಿಂದ 50 ವರ್ಷ ಇರುವುದರಿಂದ, ಲೋಕಕ್ಕೆ ಬಿಡುವ ಮೊದಲು ಅವರ ಮಕ್ಕಳನ್ನು ಹುಡುಕಿ ಕೇಳಬೇಕು. ಕೇಳುವುದಕ್ಕೆ ಸಮಯವಿದೆ, ಟೇಪಿಗೆ ಸಮಯವಿಲ್ಲ. ಹೈದರಾಬಾದಿನ ಮಳೆಗಾಲಕ್ಕೆ ಅವಕ್ಕೆ ಬೂಷ್ಟು ಹಿಡಿಯುತ್ತಿದೆ. ಆದುದರಿಂದ ಮೊದಲು ಪ್ರತಿ ಮಾಡಿಸಿ ಸಂಘದಲ್ಲಿಡುವುದು, ಆಮೇಲೆ ಒಪ್ಪಿಗೆಯ ಪತ್ರ ಎಂದು ನಿಶ್ಚಯಿಸಿದ್ದೇವೆ. ಕ್ಯಾಸೆಟ್ಟು ಇರುವವರು ಅದರ ಡಬ್ಬದ ಮೇಲೆ ವರ್ಷ, ಸ್ಥಳ, ಹಾಡಿದವರ ಹೆಸರು, ಗೊತ್ತಿದ್ದರೆ ಅವರ ಮನೆಯವರು ಈಗ ಎಲ್ಲಿದ್ದಾರೆಂಬುದನ್ನು ಬರೆದು ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರೊಳಗೆ ಕಾರ್ಯಾಲಯಕ್ಕೆ ತಂದುಕೊಡಬೇಕು, ರಸೀತಿ ಕೊಡುತ್ತೇವೆ. ಬಿಳಿಯ ಬೂಷ್ಟು ಕಂಡುಬಂದ ಟೇಪನ್ನು ‘ಓಡುತ್ತದೋ ನೋಡೋಣ’ ಎಂದು ಮನೆಯಲ್ಲಿ ಹಾಕಿ ನೋಡಬೇಡಿರಿ. ಹಾಗೆಯೇ ತನ್ನಿರಿ.